ಹ್ಯಾಡಿಕ್ಸನ ಹೆಸರಿನ ಮುಂದಿನ ಸಾಲು

ಬೇಸ್‌ಬಾಲ್ ಪಂದ್ಯ ಮುಗಿದ ಮರುದಿನ ಪತ್ರಿಕೆಯ ಮೂಲೆಯಲ್ಲಿ ಅಚ್ಚಾಗುವ ಅಂಕಿಗಳ ಪಟ್ಟಿಯನ್ನು ಅಮೆರಿಕದವರು ಬಾಕ್ಸ್ ಸ್ಕೋರ್ ಎನ್ನುತ್ತಾರೆ. ಅದರ ಬೇರು ಕ್ರಿಕೆಟ್ಟಿನಲ್ಲಿದೆ. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಪತ್ರಕರ್ತನಾಗಿ ಬಾಳಿದ ಹೆನ್ರಿ ಚಾಡ್ವಿಕ್ ಕ್ರಿಕೆಟ್ ಲೆಕ್ಕದ ಕ್ರಮವನ್ನು 1859ರ ಸುಮಾರಿಗೆ ಈ ಆಟಕ್ಕೆ ಒಗ್ಗಿಸಿದ. ಆಡಿದವರ ಹೆಸರು ಎಡಕ್ಕೆ, ಗಳಿಸಿದ್ದೂ ಕಳೆದದ್ದೂ ಬಲಕ್ಕೆ. ನೋಡಲು ಅಂಗಡಿಯ ಖಾತೆ ಪುಸ್ತಕವೇ. ಖಾತೆ ಪುಸ್ತಕ ಸುಳ್ಳು ಹೇಳುವುದಿಲ್ಲ ಎಂಬ ನಂಬಿಕೆಯೂ ಅದರ ಜೊತೆಗೇ ಬಂದಿತು.

1959ರ ಮೇ 26ರ ರಾತ್ರಿ ಮಿಲ್ವಾಕಿಯಲ್ಲಿ ಪಿಟ್ಸ್‌ಬರ್ಗ್ ತಂಡದ ಪರವಾಗಿ ಎಡಗೈ ಎಸೆತಗಾರ ಹಾರ್ವೀ ಹ್ಯಾಡಿಕ್ಸ್ ಕಣಕ್ಕಿಳಿದ. ಅಂದು ಅವನಿಗೆ ಮೈ ಸರಿಯಿರಲಿಲ್ಲ, ಶೀತಜ್ವರದ ಬಾಧೆಯಿತ್ತು. ಬೇಸ್‌ಬಾಲ್ ಪಂದ್ಯ ಸಾಮಾನ್ಯವಾಗಿ ಒಂಬತ್ತು ಇನಿಂಗ್ಸಿನದು. ಒಂದೊಂದರಲ್ಲೂ ಎದುರಾಳಿಯ ಮೂವರನ್ನು ಔಟ್ ಮಾಡಬೇಕು. ಬಂದ 27 ಜನರಲ್ಲಿ ಒಬ್ಬನೂ ಮೊದಲ ಬೇಸನ್ನು ಮುಟ್ಟದೆ ಹಿಂದಿರುಗಿದರೆ ಅದು ಪರಿಪೂರ್ಣ ಆಟ. ಎಸೆತಗಾರನಿಗೆ ಅದಕ್ಕಿಂತ ದೊಡ್ಡ ಸಾಧನೆಯಿಲ್ಲ. ಹ್ಯಾಡಿಕ್ಸ್ 27 ಜನರನ್ನೂ ಹಾಗೆಯೇ ಕಳುಹಿಸಿದ. ಆದರೆ ಅವನ ತಂಡವೂ ಒಂದೇ ಒಂದು ರನ್ ಗಳಿಸಿರಲಿಲ್ಲ. ಆಟ ಮುಂದುವರಿಯಿತು. ಹತ್ತನೆಯದು, ಹನ್ನೊಂದನೆಯದು, ಹನ್ನೆರಡನೆಯದು. 36 ಜನ ಬಂದರು, 36 ಜನ ಹೋದರು.

ಹದಿಮೂರನೆಯದರ ಆರಂಭದಲ್ಲಿ ಸಹ ಆಟಗಾರ ಡಾನ್ ಹೋಕ್ ಚೆಂಡನ್ನು ತಪ್ಪಾಗಿ ಎಸೆದ. ಫೀಲಿಕ್ಸ್ ಮ್ಯಾಂಟಿಲಾ ಮೊದಲ ಬೇಸಿನಲ್ಲಿ ನಿಂತ. ಎಡ್ಡಿ ಮ್ಯಾಥ್ಯೂಸ್ ತಾನು ಔಟಾಗಿ ಅವನನ್ನು ಎರಡನೆಯದಕ್ಕೆ ದಾಟಿಸಿದ. ಹ್ಯಾಂಕ್ ಆರನ್‌ನನ್ನು ಬೇಕೆಂದೇ ನಡೆಯಗೊಡಲಾಯಿತು. ಆಮೇಲೆ ಜೋ ಆಡ್‌ಕಾಕ್ ಚೆಂಡನ್ನು ಬೇಲಿಯಾಚೆಗೆ ಹೊಡೆದ. ಅದೂ ಸರಳವಾಗಿ ಮುಗಿಯಲಿಲ್ಲ. ಆಟ ಮುಗಿಯಿತೆಂದುಕೊಂಡು ಆರನ್ ಓಟದ ದಾರಿ ಬಿಟ್ಟ. ಆಡ್‌ಕಾಕ್ ಅವನನ್ನು ದಾಟಿ ಹೋದದ್ದರಿಂದ ಔಟಾದ. ಬೇಲಿ ದಾಟಿದ ಹೊಡೆತ ಲೆಕ್ಕದಲ್ಲಿ ಎರಡು ಬೇಸಿನ ಹೊಡೆತವಾಗಿ, ಲೀಗಿನ ಅಧ್ಯಕ್ಷನ ತೀರ್ಪಿನಂತೆ ಅಂತಿಮ ಫಲಿತಾಂಶ 1-0 ಎಂದು ನಿಂತಿತು.

ಈಗ ಹ್ಯಾಡಿಕ್ಸನ ಸಾಲನ್ನು ನೋಡಬೇಕು. ಇನಿಂಗ್ಸ್ ಹನ್ನೆರಡೂ ಮೂರನೆಯ ಎರಡು ಪಾಲು. ಹಿಟ್ 1, ರನ್ 1, ಅವನ ಹೊಣೆಗೆ ಸೇರಿದ ರನ್ 0. ಹೆಸರಿನ ಪಕ್ಕದಲ್ಲಿ ಸೋತವನೆಂಬ ಗುರುತು. ಒಂದೇ ಸಾಲಿನ ಎರಡು ಅಂಕಣಗಳು ಪರಸ್ಪರ ಒಪ್ಪುವುದಿಲ್ಲ: ಆ ರನ್ ಇವನಿಂದಾದದ್ದಲ್ಲ ಎಂದು ಒಂದು, ಸೋಲು ಇವನದೇ ಎಂದು ಇನ್ನೊಂದು. ಅತ್ತ ಮಿಲ್ವಾಕಿಯ ಲೂ ಬರ್ಡೆಟ್ 12 ಹಿಟ್ ಬಿಟ್ಟುಕೊಟ್ಟೂ ಗೆದ್ದವನೆನಿಸಿದ. ಕಾದು ಮಡಿದವನಿಗೂ ಕಲ್ಲು ನಿಲ್ಲಿಸಿದ ವೀರಗಲ್ಲಿನ ನಾಡಿನವರಿಗೆ ಈ ಲೆಕ್ಕ ತುಸು ಕಠೋರವೆನಿಸಿದರೆ ಆಶ್ಚರ್ಯವಿಲ್ಲ.

ಆದರೂ ಬಾಕ್ಸ್ ಸ್ಕೋರಿನಲ್ಲಿ ಸುಳ್ಳಿಲ್ಲ. ಅದರ ಕೊರತೆ ಬೇರೆಯದು. ಅದು ಕೂಡಿಸುತ್ತದೆ, ಕ್ರಮವನ್ನು ಹೇಳುವುದಿಲ್ಲ. ಎದುರಾಳಿಗಳಲ್ಲಿ ಬೇಸ್ ಮುಟ್ಟಿದವರು ಮೂವರೇ ಎಂದು ಅಂಕಿಗಳಿಂದ ತಿಳಿಯಬಹುದು. ಆ ಮೂವರಿಗಿಂತ ಮೊದಲು 36 ಜನ ಸಾಲಾಗಿ ಬರಿಗೈಯಲ್ಲಿ ಹಿಂದಿರುಗಿದ್ದರೆಂಬುದಕ್ಕೆ ಯಾವ ಅಂಕಣವೂ ಇಲ್ಲ. ಆ ರಾತ್ರಿಯ ಹಿರಿಮೆ ಇದ್ದದ್ದೆಲ್ಲ ಆ ಕ್ರಮದಲ್ಲಿಯೇ. ಇನ್ನೊಂದು ಸಂಗತಿಗೂ ಅಲ್ಲಿ ಜಾಗವಿಲ್ಲ. ಪಿಟ್ಸ್‌ಬರ್ಗಿನ ಕ್ಯಾಚರ್ ಕೊಡುತ್ತಿದ್ದ ಬೆರಳಿನ ಸನ್ನೆಗಳನ್ನು ಮಿಲ್ವಾಕಿಯವರು ದುರ್ಬೀನಿನಿಂದ ಕದ್ದು ನೋಡಿ ತಮ್ಮ ಬ್ಯಾಟ್ಸ್‌ಮನ್‌ಗಳಿಗೆ ತಿಳಿಸುತ್ತಿದ್ದರೆಂದು ಆ ತಂಡದ ಬಾಬ್ ಬೂಲ್ ದಶಕಗಳ ನಂತರ ಹೇಳಿದ. ಮುಂದಿನ ಎಸೆತ ಯಾವುದೆಂದು ತಿಳಿದೂ ಅವರು ಹನ್ನೆರಡು ಇನಿಂಗ್ಸ್ ಏನೂ ಮಾಡಲಾಗಲಿಲ್ಲ.

1991ರಲ್ಲಿ ದಾಖಲೆಗಳ ನಿಖರತೆಯನ್ನು ಪರಿಶೀಲಿಸಿದ ಸಮಿತಿಯೊಂದು, ಹಿಟ್ ಇಲ್ಲದ ಆಟವೆಂದರೆ ಕೊನೆಯವರೆಗೂ ಹಿಟ್ ಇಲ್ಲದ್ದು ಮಾತ್ರ ಎಂದು ವ್ಯಾಖ್ಯಾನಿಸಿತು. ಅಧಿಕೃತ ಪಟ್ಟಿಯಿಂದ ಹ್ಯಾಡಿಕ್ಸನ ಹೆಸರು ಹೋಯಿತು. ಆಗ ಅವನಿಗೆ ಅರವತ್ತೈದು ದಾಟಿತ್ತು. ಇರಲಿ, ತಾನು ಮಾಡಿದ್ದೇನೆಂದು ತನಗೆ ಗೊತ್ತು ಎಂದಷ್ಟೇ ಅವನು ಹೇಳಿದ.