ತಣ್ಣಗಿದ್ದಾಗ ಮುನಿಯುವ ಕಾರು

ಬೆಳಿಗ್ಗೆ ಹತ್ತಾರು ಬಾರಿ ಕೀಲಿ ತಿರುಗಿಸಿದರೂ ಕೆಮ್ಮಿ ಸುಮ್ಮನಾಗುವ ಕಾರು ಮಧ್ಯಾಹ್ನ ಮುಟ್ಟಿದರೆ ಸಾಕು, ಸ್ಟಾರ್ಟ್ ಆಗುತ್ತದೆ. ಹಳೆಯ ಕಾರು ಸಾಕಿದವರಿಗೆಲ್ಲ ಈ ಮುನಿಸು ಪರಿಚಿತ. ಕಾರಣ ಹುಡುಕುವ ಬದಲು ಕೈಗೆ ಸಿಕ್ಕ ಭಾಗವನ್ನೆಲ್ಲ ಬದಲಿಸುತ್ತಾ ಹೋಗುವ ಅಭ್ಯಾಸವೂ ಅಷ್ಟೇ ಪರಿಚಿತ.

ಮಡಿಕೇರಿಯ ಒಂದು ಮನೆಯಲ್ಲಿ ಇಂಥದೊಂದು ಕಾರಿದೆ. 1990ರ ದಶಕದ ಸಣ್ಣ ಪೆಟ್ರೋಲ್ ಕಾರು, ಕಾರ್ಬುರೇಟರ್ ಕಾಲದ್ದು. ಮನೆಯೊಡತಿ ಊರಾಚೆಯ ಶಾಲೆಯೊಂದರಲ್ಲಿ ಶಿಕ್ಷಕಿ. ಆ ದಾರಿಗೆ ಹೊತ್ತಿಗೆ ಸರಿಯಾದ ಬಸ್ಸಿಲ್ಲ. ಡಿಸೆಂಬರ್ ಚಳಿಯಲ್ಲಿ ಕಾರು ಹಟ ಹಿಡಿದಾಗ ಒಂದು ವಾರದಲ್ಲಿ ಎರಡು ಅರ್ಧ ದಿನದ ರಜೆ ಹೋದವು. ಯಜಮಾನರು ಮೊದಲು ಸ್ಪಾರ್ಕ್ ಪ್ಲಗ್ ಬದಲಿಸಿದರು, ಆಮೇಲೆ ಸಾಲ ಮಾಡಿ ಹೊಸ ಬ್ಯಾಟರಿ ತಂದರು. ಕಾರು ಮಾತ್ರ ಬದಲಾಗಲಿಲ್ಲ.

ಬ್ಯಾಟರಿಯ ಮೇಲಿನ ಅನುಮಾನ ತಪ್ಪೇನಲ್ಲ. ಚಳಿಯಲ್ಲಿ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗುತ್ತದೆ, ಎಂಜಿನ್ ಆಯಿಲ್ ಮಂದವಾಗುತ್ತದೆ. ಆಗ ಸೆಲ್ಫ್ ಹೊಡೆದರೆ ಎಂಜಿನ್ ಏದುಸಿರು ಬಿಡುವಂತೆ ನಿಧಾನವಾಗಿ ತಿರುಗುತ್ತದೆ. ಆದರೆ ಈ ಕಾರಿನಲ್ಲಿ ಅದು ಚುರುಕಾಗಿಯೇ ತಿರುಗುತ್ತಿತ್ತು. ಬ್ಯಾಟರಿ ಗಟ್ಟಿಯಾಗಿದೆ ಎಂಬುದಕ್ಕೆ ಸಾಕ್ಷಿ ದಿನವೂ ಕಿವಿಗೆ ಬೀಳುತ್ತಿತ್ತು, ಗಮನಿಸಿದವರಿರಲಿಲ್ಲ. ಇನ್ನೊಂದು ತೊಡಕು: ಕಾರನ್ನು ಗ್ಯಾರೇಜಿಗೆ ಒಯ್ಯುವ ಹೊತ್ತಿಗೆ ಎಂಜಿನ್ ಬಿಸಿಯಾಗಿ, ಕಾಯಿಲೆಯೇ ಮಾಯವಾಗಿರುತ್ತಿತ್ತು. ವೈದ್ಯರ ಮುಂದೆ ಕೂತಾಗ ಜ್ವರ ಇಳಿದ ಹಾಗೆ!

ಮಗ ದ್ವಿತೀಯ ಪಿಯುಸಿ ವಿಜ್ಞಾನದ ವಿದ್ಯಾರ್ಥಿ. ಬಾನೆಟ್ ಎತ್ತಿ ನೋಡಲು ಹೋದವನಿಗೆ ಅಪ್ಪನಿಂದ ಬೈಗುಳ ಸಿಕ್ಕಿತು. "ಕೈ ಮಸಿ ಮಾಡ್ಕೊಳ್ಳೋಕಾ ನಿನ್ನ ಓದಿಸ್ತಿರೋದು? ಹೋಗಿ ಸಿಇಟಿಗೆ ಓದ್ಕೋ." ಹುಡುಗ ಒಳಗೆ ಹೋದ. ಮೇಜಿನ ಮೇಲೆ ತೆರೆದಿದ್ದ ಪುಸ್ತಕದಲ್ಲಿ ಇದ್ದದ್ದು ಬರ್ನೂಲಿಯ ತತ್ವ.

ಕೊನೆಗೆ ಕರೆಸಿದ್ದು ವಯಸ್ಸಾದ ಮೆಕ್ಯಾನಿಕ್ ಒಬ್ಬರನ್ನು. ಅವರು ಫೋನಿನಲ್ಲೇ ಒಂದು ಮಾತು ಹೇಳಿದರು: "ರಾತ್ರಿ ಹೊರಗೇ ನಿಲ್ಸಿ ಸಾರ್. ಬೆಳಿಗ್ಗೆ ನಾನು ಬರೋವರೆಗೆ ಯಾರೂ ಮುಟ್ಟಬೇಡಿ." ತಣ್ಣಗಿದ್ದಾಗ ಬರುವ ದೋಷವನ್ನು ತಣ್ಣಗಿದ್ದಾಗಲೇ ನೋಡಬೇಕು ಎಂಬುದು ಅವರ ಲೆಕ್ಕ.

ಬಂದವರು ಮೊದಲು ಸ್ಪಾನರ್ ಹಿಡಿಯಲಿಲ್ಲ, ಪ್ರಶ್ನೆ ಕೇಳಿದರು. ಬಿಸಿಯಾದ ಮೇಲೆ ಹೇಗೆ ಓಡುತ್ತದೆ? ಏರಿನಲ್ಲಿ ಎಳೆಯುತ್ತದೆಯೇ? ಎರಡಕ್ಕೂ ಉತ್ತರ 'ಚೆನ್ನಾಗಿ'. ಹಾಗಿದ್ದರೆ ಪೆಟ್ರೋಲ್ ಪಂಪ್ ಸರಿಯಿದೆ, ಕಿಡಿಯೂ ಸರಿಯಿರಬೇಕು. ನಾಲ್ಕಾರು ಬಾರಿ ಸೆಲ್ಫ್ ಹೊಡೆಸಿ ಒಂದು ಪ್ಲಗ್ ಬಿಚ್ಚಿದರು. ಅದು ಒಣಗಿತ್ತು, ಪೆಟ್ರೋಲಿನ ವಾಸನೆಯೇ ಇಲ್ಲ. "ಒದ್ದೆ ಇದ್ರೆ ಪೆಟ್ರೋಲ್ ಬರ್ತಾ ಇದೆ, ಉರೀತಿಲ್ಲ ಅಂತ. ಒಣಗಿದ್ರೆ ಬೇಕಾದಷ್ಟು ಬರ್ತಾನೇ ಇಲ್ಲ ಅಂತ" ಎಂದರು. ಹುಡುಗ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ.

ಪೆಟ್ರೋಲ್ ದ್ರವವಾಗಿ ಉರಿಯುವುದಿಲ್ಲ, ಆವಿಯಾಗಿ ಗಾಳಿಯೊಡನೆ ಬೆರೆತರೆ ಉರಿಯುತ್ತದೆ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಎಂಜಿನ್ ತಣ್ಣಗಿದ್ದಾಗ ಪೆಟ್ರೋಲಿನ ಹಗುರ ಅಂಶ ಮಾತ್ರ ಆವಿಯಾಗುತ್ತದೆ. ಉಳಿದದ್ದು ಹನಿಯಾಗಿ ಕೊಳವೆಯ ಗೋಡೆಗೆ ಅಂಟುತ್ತದೆ. ಆದ್ದರಿಂದ ಹೆಚ್ಚು ಪೆಟ್ರೋಲ್ ಕೊಡಬೇಕು. ಅದಕ್ಕಿರುವುದೇ ಚೋಕ್. ಅದನ್ನು ಎಳೆದಾಗ ಕಾರ್ಬುರೇಟರಿನ ಬಾಯಿಗೆ ಒಂದು ತಗಡು ಅಡ್ಡ ಬರುತ್ತದೆ, ಒಳಗೆ ಒತ್ತಡ ಕಡಿಮೆಯಾಗಿ ಪೆಟ್ರೋಲ್ ಜಾಸ್ತಿ ಸೆಳೆಯಲ್ಪಡುತ್ತದೆ.

ಮೆಕ್ಯಾನಿಕ್ ಏರ್ ಫಿಲ್ಟರಿನ ಮುಚ್ಚಳ ತೆಗೆದು, "ಬಾ ಮಗ, ಒಳಗೆ ಕೂತು ಚೋಕ್ ಎಳಿ" ಎಂದರು. ಅಪ್ಪ ಏನೂ ಹೇಳಲಿಲ್ಲ. ಹುಡುಗ ಪೂರ್ತಿ ಎಳೆದರೂ ತಗಡು ಅರ್ಧವೂ ಮುಚ್ಚಲಿಲ್ಲ. ಕೇಬಲ್ ಹಿಡಿದಿದ್ದ ಸ್ಕ್ರೂ ಸಡಿಲಾಗಿ, ತಂತಿ ಜಾರುತ್ತಿತ್ತು. ಎಳೆದು ಬಿಗಿ ಮಾಡಲು ಹತ್ತು ನಿಮಿಷ ಹಿಡಿಯಿತು. ಎರಡನೇ ಸಲಕ್ಕೆ ಕಾರು ಸ್ಟಾರ್ಟ್ ಆಯಿತು.

"ಮುಚ್ಚಿದ್ರೆ ಒತ್ತಡ ಕಡಿಮೆ ಆಗ್ತದೆ, ಅದಕ್ಕೇ ಅಲ್ವಾ ಅಂಕಲ್?" ಎಂದ ಹುಡುಗ.

"ಒತ್ತಡದ ಲೆಕ್ಕ ನಿನಗೇ ಗೊತ್ತು ಮಗ. ಬಿಸಿ ಆದ ಕೂಡ್ಲೇ ಚೋಕ್ ಒಳಗೆ ತಳ್ಳು, ಅದು ಮರೀಬೇಡ." ತಳ್ಳದಿದ್ದರೆ ಕಪ್ಪು ಹೊಗೆ ಬರುತ್ತದೆ, ಪೆಟ್ರೋಲ್ ದಂಡವಾಗುತ್ತದೆ, ಸಿಲಿಂಡರಿನ ಗೋಡೆಯ ಆಯಿಲ್ ತೊಳೆದುಹೋಗುತ್ತದೆ.

2000ದ ಆಸುಪಾಸಿನಲ್ಲಿ ಹೊಗೆಯ ನಿಯಮಗಳು ಬಿಗಿಯಾದ ಮೇಲೆ ನಮ್ಮ ಹೊಸ ಕಾರುಗಳಿಂದ ಕಾರ್ಬುರೇಟರ್ ಮರೆಯಾಯಿತು. ಈಗ ಎಂಜಿನ್ನಿನ ಉಷ್ಣತೆಯನ್ನು ಸೆನ್ಸರ್ ಅಳೆಯುತ್ತದೆ, ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಚಿಮ್ಮಿಸುತ್ತದೆ. ಕೆಲಸ ಅದೇ, ಮಾಡುವವರು ಬೇರೆ. ಹುಡುಕುವ ದಾರಿಯೂ ಅದೇ: ತೊಂದರೆ ಯಾವಾಗ ಬರುತ್ತದೆ, ಯಾವಾಗ ಬರುವುದಿಲ್ಲ, ಎರಡರ ನಡುವಿನ ವ್ಯತ್ಯಾಸವೇನು? ಒಂದು ಸಲಕ್ಕೆ ಒಂದೇ ಪರೀಕ್ಷೆ. ಪ್ರಯೋಗಶಾಲೆಯ ಪಾಠವೂ ಇಷ್ಟೇ. ಪೆಟ್ರೋಲ್ ಇರುವಲ್ಲಿ ಬೆಂಕಿ ಬೇಡ, ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬೇಡಿ, ಹೊಗೆಯ ಕಾರ್ಬನ್ ಮಾನಾಕ್ಸೈಡ್ ಪ್ರಾಣಕ್ಕೇ ಎರವು ಎಂಬ ಎಚ್ಚರವನ್ನೂ ಹಿರಿಯರು ಜೊತೆಗಿದ್ದು ಕಲಿಸಬೇಕು.

ಅಂಕ ಕಡಿಮೆಯಾದ ಮಕ್ಕಳಿಗೂ ಎಷ್ಟೋ ಮನೆಗಳಲ್ಲಿ ಹೊಸ ಬ್ಯಾಟರಿಯ ಚಿಕಿತ್ಸೆಯೇ ನಡೆಯುತ್ತದೆ. ಟ್ಯೂಷನ್ ಬದಲಿಸು, ಗೈಡ್ ಬದಲಿಸು, ಕಾಲೇಜನ್ನೇ ಬದಲಿಸು. ಯಾವ ಪಾಠದಲ್ಲಿ ಎಡವುತ್ತಾನೆ, ಯಾವುದರಲ್ಲಿ ಓಡುತ್ತಾನೆ ಎಂದು ಪಕ್ಕದಲ್ಲಿ ಕೂತು ನೋಡುವವರು ಕಡಿಮೆ. ಸಡಿಲಾದದ್ದು ಒಂದು ಸ್ಕ್ರೂ ಮಾತ್ರ ಇರಬಹುದು.