ಕಾರೈಕುಡಿಯ ಬಾಗಿಲು, ಆತ್ತಂಗುಡಿಯ ನೆಲ

ಹೊಸ ಮನೆ ಕಟ್ಟಿಸುವವರಿಗೆ ಈಗ ಹಳೆಯದರ ಮೋಹ. ಅಜ್ಜನ ಕಾಲದ ಕಂಬ, ಹಿತ್ತಾಳೆ ಚಿಲಕದ ಬಾಗಿಲು, ಪಿಂಗಾಣಿ ಜಾಡಿ, ಚಿತ್ತಾರದ ನೆಲ - ಒಂದು ಕಾಲಕ್ಕೆ ಅಟ್ಟ ಸೇರಿದ್ದ ಇವೆಲ್ಲ ಮತ್ತೆ ನಡುಮನೆಗೆ ಇಳಿದು ಬಂದಿವೆ. ಇವನ್ನು ಹುಡುಕುತ್ತ ಬೆಂಗಳೂರಿನ ಜನ ತಮಿಳುನಾಡಿನ ಒಂದು ಊರಿಗೆ ಹೋಗುವುದುಂಟು. ಅದೇ ಶಿವಗಂಗಾ ಜಿಲ್ಲೆಯ ಕಾರೈಕುಡಿ. ಮದುರೆಯಿಂದ ಸುಮಾರು 90 ಕಿ.ಮೀ.; ತಿರುಚಿರಾಪಳ್ಳಿಯಿಂದಲೂ ಹೆಚ್ಚುಕಡಿಮೆ ಅಷ್ಟೇ ದೂರ.

ಕಾರೈಕುಡಿ ಮತ್ತು ಸುತ್ತಲಿನ ಹಳ್ಳಿಗಳ ಸೀಮೆಗೆ ಚೆಟ್ಟಿನಾಡು ಎಂದು ಹೆಸರು. ಬಿಸಿಲ ಸೀಮೆ. ಈ ಒಣ ನೆಲದಲ್ಲಿ ಅರಮನೆಯಂಥ ಮನೆಗಳು ಸಾಲುಸಾಲಾಗಿ ನಿಂತಿರುವುದನ್ನು ಕಂಡವರು ಬೆರಗಾಗುತ್ತಾರೆ. ಇವನ್ನು ಕಟ್ಟಿಸಿದವರು ನಗರತ್ತಾರ್ ಎಂದು ಕರೆಯಲ್ಪಡುವ ಚೆಟ್ಟಿಯಾರ್ ವರ್ತಕರು. ಬರ್ಮಾ, ಸಿಲೋನ್, ಮಲಯಗಳಲ್ಲಿ ಲೇವಾದೇವಿ ನಡೆಸಿ ಗಳಿಸಿದ ಹಣವನ್ನು ಅವರು ಹುಟ್ಟೂರಿನ ಮನೆಗೆ ಸುರಿದರು. ಬರ್ಮಾದ ತೇಗ, ಇಟಲಿಯ ಅಮೃತಶಿಲೆ, ಬೆಲ್ಜಿಯಂ ಕನ್ನಡಿ, ಜಪಾನಿನ ಬಣ್ಣದ ಬಿಲ್ಲೆಗಳು ಹಡಗು ಹತ್ತಿ ಬಂದವು. ಅಂದರೆ, ನಾವು ಇಂದು 'ಹಳೆಯ ಶೈಲಿ' ಎನ್ನುವುದು ಅವರ ಪಾಲಿಗೆ ಅಂದಿನ ಹೊಚ್ಚಹೊಸ ಶೈಲಿ!

ಮನೆಯೇ ಒಂದು ಪಾಠ

ಶೋಕಿಯ ಹಿಂದೆ ಬುದ್ಧಿವಂತಿಕೆಯೂ ಇದೆ. ಒಂದು ಬೀದಿಯಿಂದ ಹಿಂದಿನ ಬೀದಿಯವರೆಗೆ ಉದ್ದಕ್ಕೆ ಚಾಚಿದ ಮನೆ. ಮುಂಬಾಗಿಲಿನಿಂದ ಹಿತ್ತಲ ಬಾಗಿಲಿನವರೆಗೆ ಒಂದೇ ನೇರ. ನಡುವೆ ಒಂದರ ಹಿಂದೊಂದು ತೊಟ್ಟಿ. ನಮ್ಮ ತೊಟ್ಟಿಮನೆಗಳಂತೆಯೇ ಬಿಸಿಗಾಳಿ ತೊಟ್ಟಿಯಿಂದ ಮೇಲೇರುತ್ತದೆ, ನೆರಳಿನ ತಂಪುಗಾಳಿ ಅದರ ಜಾಗಕ್ಕೆ ಬರುತ್ತದೆ. ಮಾಡಿನ ಮೇಲೆ ಬಿದ್ದ ಮಳೆನೀರೂ ತೊಟ್ಟಿಗೇ ಇಳಿದು ಮನೆಬಳಕೆಗೆ ಒದಗುತ್ತಿತ್ತು.

ಗೋಡೆಗಳನ್ನು ಮುಟ್ಟಿದರೆ ಗಾಜಿನಷ್ಟು ನುಣುಪು. ಸುಣ್ಣದ ಗಾರೆಯ ಮೇಲೆ ಮೊಟ್ಟೆಯ ಬಿಳಿಲೋಳೆ ಬೆರೆಸಿದ ನಯವಾದ ಲೇಪ ಬಳಿದು ತಿಕ್ಕಿದ ಹೊಳಪು ಅದು. ನೀರು ಬೆರೆತ ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ನಿಧಾನವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಎಂದರೆ ಮತ್ತೆ ಸುಣ್ಣದ ಕಲ್ಲೇ ಆಗುತ್ತದೆ. ಪ್ರಯೋಗಶಾಲೆಯಲ್ಲಿ ಸುಣ್ಣದ ತಿಳಿನೀರಿಗೆ ಉಸಿರು ಊದಿದಾಗ ಅದು ಬೆಳ್ಳಗಾಗುವುದನ್ನು ನೋಡಿದ ವಿದ್ಯಾರ್ಥಿಗೆ ಈ ಗೋಡೆಯ ಗುಟ್ಟು ತಕ್ಷಣ ಹೊಳೆಯುತ್ತದೆ.

ಆದರೆ ಸಿರಿ ನಿಲ್ಲಲಿಲ್ಲ. 1942ರಲ್ಲಿ ಜಪಾನ್ ಸೈನ್ಯ ಬರ್ಮಾಕ್ಕೆ ನುಗ್ಗಿತು. ಯುದ್ಧದ ನಂತರ, 1948ರಲ್ಲಿ ಬರ್ಮಾ ಸ್ವತಂತ್ರವಾದ ಮೇಲೆ, ಅಲ್ಲಿದ್ದ ಜಮೀನು ಆಸ್ತಿಗಳೂ ಕೈಬಿಟ್ಟವು. ಮಕ್ಕಳು ಮೊಮ್ಮಕ್ಕಳು ಚೆನ್ನೈ, ಸಿಂಗಪುರ ಸೇರಿದರು. ಒಂದೊಂದು ಮನೆಗೂ ಹತ್ತಾರು ಪಾಲುದಾರರು. ರಿಪೇರಿಗೆ ಮುಂದೆ ಬರುವವರು ಮಾತ್ರ ಕಡಿಮೆ. ಎಷ್ಟೋ ಮನೆಗಳು ಬೀಗ ಹಾಕಿಸಿಕೊಂಡವು, ಎಷ್ಟೋ ಮನೆಗಳು ಬಿಡಿಭಾಗಗಳಾಗಿ ಮಾರಾಟವಾದವು. ಚೆಟ್ಟಿನಾಡಿನ ಹಳ್ಳಿಗಳು 2014ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿದವು. ಆದರೂ ಕೆಡವುವ ಹಾರೆಗೆ ಪಟ್ಟಿ ಓದಲು ಬಾರದು.

ಯಾವ ಮನೆಯ ಬಾಗಿಲು?

ಹಾಗೆ ಬಿಡಿಯಾದ ಸಾಮಾನು ಬಂದು ಸೇರುವುದು ಕಾರೈಕುಡಿಯ ಮುನೀಶ್ವರನ್ ಕೋವಿಲ್ ಬೀದಿಗೆ. ಕೆತ್ತನೆಯ ಬಾಗಿಲುವಾಡ, ತೇಗದ ಕಂಬ, ಎನಾಮಲ್ ಡಬ್ಬಿ, ಕೊಪ್ಪರಿಗೆ, ಗೋಡೆ ಗಡಿಯಾರ - ಇಕ್ಕಟ್ಟಾದ ಅಂಗಡಿಗಳಲ್ಲಿ ಕಾಲಿಡಲು ಜಾಗವಿಲ್ಲ.

ಅಂಥದೊಂದು ಅಂಗಡಿಯಲ್ಲಿ ಬೆಂಗಳೂರಿನ ಒಂದು ಕುಟುಂಬ. ನಾಗರಬಾವಿಯಲ್ಲಿ ಮನೆ ಕಟ್ಟಿಸುತ್ತಿರುವ ತಂದೆ, ತಾಯಿ, ಪಿಯುಸಿ ಓದುವ ಮಗಳು. ತಂದೆ ಟೇಪು ಹಿಡಿದು ಒಂದು ಬಾಗಿಲಿನ ಅಳತೆ ತೆಗೆಯುತ್ತಿದ್ದರು. ಮಗಳು ಅಂಗಡಿಯವನನ್ನು ಕೇಳಿದಳು:

"ಇದು ಯಾವ ಮನೆಯದು?"

ಅವನು ಹತ್ತಿರದ ಒಂದು ಹಳ್ಳಿಯ ಹೆಸರು ಹೇಳಿ, "ಆ ಮನೆ ಈಗ ಇಲ್ಲಮ್ಮ" ಎಂದ.

ಬಾಗಿಲಿನ ಚೌಕಟ್ಟಿನಲ್ಲಿ ಪೆನ್ಸಿಲಿನಿಂದ ಎಳೆದ ಅಡ್ಡಗೆರೆಗಳಿದ್ದವು, ಒಂದರ ಮೇಲೊಂದು. ಯಾರೋ ತಮ್ಮ ಮಗುವಿನ ಎತ್ತರ ಗುರುತು ಹಾಕುತ್ತ ಬಂದಿದ್ದರು.

"ಅಪ್ಪಾ, ಊರಲ್ಲಿ ಅಜ್ಜಿ ಮನೆ ಬಾಗಿಲೂ ಹೀಗೇ ಅಲ್ವಾ? ಅದನ್ನ ಯಾಕೆ ಕೊಡ್ತಿದ್ದೀವಿ?"

ತಂದೆ ಟೇಪು ಸುತ್ತಿ ಜೇಬಿಗೆ ಹಾಕಿಕೊಂಡರು. ಹಾಸನ ಜಿಲ್ಲೆಯ ಹಳ್ಳಿಯಲ್ಲಿದ್ದ ಅವರ ತೊಟ್ಟಿಮನೆಯನ್ನು ಕೆಡವುವವರಿಗೆ ವಹಿಸುವ ಮಾತುಕತೆ ಆಗಲೇ ನಡೆದಿತ್ತು. "ಹಳೇದು, ಯಾರು ನೋಡ್ಕೋತಾರೆ" ಎಂದು ಅಣ್ಣತಮ್ಮಂದಿರು ಒಪ್ಪಿದ್ದರು.

ಬೆಂಕಿಯಿಲ್ಲದ ಬಿಲ್ಲೆ

ಕಾರೈಕುಡಿಯಿಂದ ಆತ್ತಂಗುಡಿ ಅರ್ಧ ಗಂಟೆಯ ದಾರಿ. ಚೆಟ್ಟಿನಾಡಿನ ಮನೆಗಳ ಬಣ್ಣದ ನೆಲಕ್ಕೆ ಬೇಕಾದ ಬಿಲ್ಲೆಗಳನ್ನು ಇಂದಿಗೂ ಕೈಯಲ್ಲೇ ಮಾಡುವ ಊರು ಇದು. ಕೆಲಸ ನಡೆಯುವುದನ್ನು ನಿಂತು ನೋಡಬಹುದು.

ಒಂದು ಗಾಜಿನ ಹಲಗೆ, ಅದರ ಸುತ್ತ ಲೋಹದ ಚೌಕಟ್ಟು, ಒಳಗೆ ಹೂಬಳ್ಳಿಯ ಅಚ್ಚು. ಅಚ್ಚಿನ ಒಂದೊಂದು ಮನೆಗೂ ಬಣ್ಣ ಬೆರೆಸಿದ ಸಿಮೆಂಟಿನ ರಸವನ್ನು ಸೌಟಿನಿಂದ ಸುರಿಯುತ್ತಾರೆ. ಅಚ್ಚನ್ನು ಮೆಲ್ಲನೆ ಎತ್ತಿದರೆ ಬಣ್ಣಗಳು ಕದಡದೆ ನಿಲ್ಲುತ್ತವೆ. ಮೇಲೆ ಸಿಮೆಂಟು ಮರಳಿನ ಒಣ ಪುಡಿ ಉದುರಿಸುತ್ತಾರೆ. ಅದು ಹೆಚ್ಚಿನ ನೀರನ್ನು ಹೀರಿಕೊಳ್ಳುತ್ತದೆ. ಕೊನೆಗೆ ಹಸಿ ಗಾರೆ ತುಂಬಿ ಮಟ್ಟ ಮಾಡುತ್ತಾರೆ. ಇದಿಷ್ಟೂ ಕಣ್ಣಳತೆ, ಕೈಯಳತೆಯ ಕೆಲಸ. ಆಮೇಲೆ ಬಿಲ್ಲೆ ನೀರಿನ ತೊಟ್ಟಿಯಲ್ಲಿ ಕೆಲವು ದಿನ ಮುಳುಗಿರಬೇಕು.

ಗಟ್ಟಿಯಾಗಲು ಒಣಗಿಸಬೇಕಲ್ಲವೇ, ನೀರಿಗೇಕೆ ಹಾಕುತ್ತಾರೆ? ಸಿಮೆಂಟು ಒಣಗಿ ಗಟ್ಟಿಯಾಗುವುದಿಲ್ಲ. ನೀರಿನೊಡನೆ ರಾಸಾಯನಿಕವಾಗಿ ಕೂಡಿ ಗಟ್ಟಿಯಾಗುತ್ತದೆ. ಹೊಸ ತಾರಸಿಗೆ ನೀರು ಕಟ್ಟಿ ನಿಲ್ಲಿಸುವುದೂ ಇದಕ್ಕೇ. ಈ ಬಿಲ್ಲೆಗೆ ಗೂಡು ಬೇಡ, ಸೌದೆ ಬೇಡ. ಹೊಳಪೂ ಮೇಲೆ ಬಳಿದದ್ದಲ್ಲ. ನುಣುಪಾದ ಗಾಜಿಗೆ ಅಂಟಿ ಗಟ್ಟಿಯಾದ ಸಿಮೆಂಟು ಗಾಜಿನ ನಯವನ್ನೇ ಪಡೆದಿರುತ್ತದೆ. ಬಿಲ್ಲೆಯ ಕೆಂಪು ಬಣ್ಣ ಕಬ್ಬಿಣದ ಆಕ್ಸೈಡಿನದು. ನಮ್ಮ ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲದ ಕೆಂಪೂ ಅದೇ.

ಕೊಳ್ಳುವವರು ಕೆಲವು ಮಾತು ನೆನಪಿಡಬೇಕು. ಕೈಕೆಲಸವಾದ್ದರಿಂದ ಬಿಲ್ಲೆಯಿಂದ ಬಿಲ್ಲೆಗೆ ಬಣ್ಣದಲ್ಲಿ ತುಸು ವ್ಯತ್ಯಾಸ ಇದ್ದೇ ಇರುತ್ತದೆ. ಇವನ್ನು ಹೊಂದಿಸಿ ಕೂರಿಸಲು ಅನುಭವಸ್ಥ ಮೇಸ್ತ್ರಿ ಬೇಕು. ನೆಲಕ್ಕೆ ಆ್ಯಸಿಡ್ ಸುರಿಯಲೇಬಾರದು. ನಿಂಬೆರಸ, ಹುಣಸೆರಸ ಬಿದ್ದರೂ ಕೂಡಲೇ ಒರೆಸಬೇಕು, ಇಲ್ಲವಾದರೆ ಸಿಮೆಂಟನ್ನು ತಿನ್ನುತ್ತವೆ. ಮೊದಮೊದಲು ಒರೆಸುವ ನೀರಿಗೆ ಒಂದಿಷ್ಟು ಕೊಬ್ಬರಿ ಎಣ್ಣೆ ಬೆರೆಸುವುದು ರೂಢಿ. ಮುಂದೆ ಮನೆಮಂದಿ ಓಡಾಡಿದಷ್ಟೂ ನೆಲ ಹೊಳೆಯುತ್ತದೆ.

ಹಳೆಯ ಶೈಲಿಯನ್ನು ಮನೆಗೆ ತರಲು ಎರಡು ದಾರಿ. ಒಂದು, ಹಳೆಯ ವಸ್ತುವನ್ನು ಕೊಳ್ಳುವುದು. ಇನ್ನೊಂದು, ಹಳೆಯ ಕಸುಬಿನಿಂದ ಹೊಸದನ್ನು ಮಾಡಿಸುವುದು. ಮನೆ ಬಿದ್ದ ಮೇಲೆ ಅದರ ಬಾಗಿಲನ್ನು ಕೊಂಡು ಉಳಿಸುವುದೂ ಒಳ್ಳೆಯದೇ. ಆದರೆ ಬಾಗಿಲಿಗೆ ಬೇಡಿಕೆ ಏರಿದಷ್ಟೂ ನಿಂತಿರುವ ಮನೆಯನ್ನು ಕೆಡವುವ ಆಸೆಯೂ ಏರುತ್ತದೆ. ಬಿಲ್ಲೆಗೆ ಬೇಡಿಕೆ ಏರಿದರೆ ಆತ್ತಂಗುಡಿಯಲ್ಲಿ ಇನ್ನೊಂದು ಕೈ ಕೆಲಸ ಕಲಿಯುತ್ತದೆ.

ಬೆಂಗಳೂರಿನ ಆ ಕುಟುಂಬ ಬಾಗಿಲು ಕೊಳ್ಳಲಿಲ್ಲ. ಹಜಾರಕ್ಕಾಗುವಷ್ಟು ಬಿಲ್ಲೆಗೆ ಆತ್ತಂಗುಡಿಯಲ್ಲಿ ಮುಂಗಡ ಕೊಟ್ಟು ಹೊರಬಂದ ತಂದೆ ಊರಿಗೆ ಫೋನು ಮಾಡಿದರು.

"ಅಣ್ಣಾ, ಮನೆ ವಿಷಯ ಒಂಚೂರು ತಡಿ."

"ನಾಳೆ ಅಡ್ವಾನ್ಸ್ ತರ್ತೀವಿ ಅಂದಿದ್ದಾರಲ್ಲೋ."

"ನಾಳೆ ಅವರು ಬರೋ ಹೊತ್ತಿಗೆ ನಾನೂ ಅಲ್ಲಿರ್ತೀನಿ. ಕೂತು ಮಾತಾಡೋಣ."

ಕಾರು ಬೆಂಗಳೂರಿನ ಬದಲು ಹಾಸನದ ದಾರಿ ಹಿಡಿಯಿತು.