ನೊಯ್ಯಲ್ ದಡದಲ್ಲಿ ಅಣಬೆಯ ಲೆಕ್ಕ

ಸೆಂಥಿಲ್ ನನ್ನ ಟೀಮಿನವನು. ಅವನ ಊರಿರೋದು ತಿರುಪ್ಪೂರಿನಿಂದ ಪೂರ್ವಕ್ಕೆ, ನೊಯ್ಯಲ್ ನದಿಯ ಒರತ್ತುಪಾಳಯಂ ಅಣೆಕಟ್ಟಿನ ಹತ್ತಿರ. 'ಒಂದ್ಸಲ ಬಾ ಮಗಾ' ಅಂತ ವರ್ಷದಿಂದ ಕರೀತಿದ್ದ. ಶುಕ್ರವಾರ ರಾತ್ರಿ ರೈಲು ಹತ್ತಿಯೇಬಿಟ್ಟೆವು.

ವೆಳ್ಳಿಯಂಗಿರಿ ಬೆಟ್ಟದಲ್ಲಿ ಹುಟ್ಟುವ ನೊಯ್ಯಲ್, ಕೊಯಮತ್ತೂರು, ತಿರುಪ್ಪೂರು ದಾಟಿ ಕೊನೆಗೆ ನಮ್ಮ ಕಾವೇರಿಯನ್ನೇ ಸೇರುತ್ತದೆ. ನಾವು ಹಾಕೋ ಟೀ ಶರ್ಟುಗಳಲ್ಲಿ ಎಷ್ಟೋ ತಿರುಪ್ಪೂರಿನವೇ. ಬಟ್ಟೆಗೆ ಬಣ್ಣ ಹಾಕುವಾಗ ಒಂದು ಪಾಲು ನೂಲಿಗೆ ಹಿಡಿಯದೆ ನೀರಿನಲ್ಲೇ ಉಳಿಯುತ್ತದೆ. ವರ್ಷಗಟ್ಟಲೆ ಆ ನೀರು ನದಿಗೆ ಬಿತ್ತು. ಹೊಲಗಳಿಗೆಂದು 1990ರ ದಶಕದ ಆರಂಭದಲ್ಲಿ ಕಟ್ಟಿದ ಅಣೆಕಟ್ಟು, ಕಾರ್ಖಾನೆ ನೀರಿನ ತೊಟ್ಟಿಯಾಯಿತು. ರೈತರು ಕೋರ್ಟಿಗೆ ಹೋದರು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಡೈಯಿಂಗ್ ಘಟಕಗಳನ್ನು ಮುಚ್ಚಿಸಿತು. ಒಂದು ಹನಿ ಕೊಳೆ ನೀರೂ ಹೊರಗೆ ಹೋಗಬಾರದು ಎಂಬ ಷರತ್ತು ಪಾಲಿಸಿದರಷ್ಟೇ ಮತ್ತೆ ತೆರೆಯಬಹುದಿತ್ತು.

ಸೆಂಥಿಲ್ ಅಪ್ಪ ಎಳನೀರು ಕೊಟ್ಟರು. 'ನಮ್ಮ ತೋಟದ್ದಲ್ಲ ತಂಬಿ, ಪೇಟೆಯಿಂದ ತಂದದ್ದು' ಅಂದರು. ಬಾವಿ ನೀರು ಬಾಯಿಗೆ ಹಾಕಿದೆ. ಉಪ್ಪುಪ್ಪು.

ನಾನು ರೈಲಿನಲ್ಲಿ ಓದಿದ್ದನ್ನು ಉತ್ಸಾಹದಿಂದ ಹೇಳತೊಡಗಿದೆ. ಸೆಂಥಿಲ್ ತಮಿಳಿಗೆ ಮಾಡಿ ಹೇಳುತ್ತಿದ್ದ. ಕೊಳೆತ ಮರದ ಮೇಲೆ ಬೆಳೆಯುವ ಕೆಲವು ಅಣಬೆ ಜಾತಿಗಳಿಗೆ ಬಣ್ಣ ಒಡೆಯುವ ಶಕ್ತಿ ಇದೆ. ಮರವನ್ನು ಗಟ್ಟಿಯಾಗಿಡುವ ಲಿಗ್ನಿನ್‌ಗೆ ಒಂದೇ ಥರದ ಆಕಾರವಿಲ್ಲ. ಹಾಗಾಗಿ ಅದನ್ನು ಕರಗಿಸೋ ಅಣಬೆಯ ಕಿಣ್ವಗಳೂ ಒಂದೇ ಬೀಗದ ಕೀಲಿಗಳಲ್ಲ. ಲಿಗ್ನಿನ್‌ನಂಥ ಉಂಗುರದ ರಚನೆ ಇರುವ ಬಣ್ಣದ ಕಣಗಳನ್ನೂ ಮುರಿಯುತ್ತವೆ. ಫನೆರೊಕೀಟೆ ಎಂಬ ಶಿಲೀಂಧ್ರ ಬಣ್ಣ ಕಳೆಯುವುದನ್ನು ಗ್ಲೆನ್ ಮತ್ತು ಗೋಲ್ಡ್ 1983ರಲ್ಲೇ ತೋರಿಸಿದ್ದರು. ಗಾಳಿಯಿಲ್ಲದ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾ ಅಜೋ ಬಣ್ಣಗಳನ್ನು ಒಡೆದರೆ ವಿಷಕಾರಿ ಅಮೈನ್‌ಗಳು ಉಳಿಯಬಹುದು. ಅಣಬೆಯ ಲ್ಯಾಕೇಸ್ ಕಿಣ್ವ ಬೇರೆ ದಾರಿ ಹಿಡಿಯುವುದರಿಂದ ಆ ತಾಪತ್ರಯ ಕಡಿಮೆ.

ಅಪ್ಪ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಒಂದೇ ಪ್ರಶ್ನೆ: 'ನಿಮ್ಮ ಅಣಬೆ ಉಪ್ಪು ತಿನ್ನುತ್ತಾ?'

ನಾನು ಸುಮ್ಮನಾದೆ. ತಿನ್ನಲ್ಲ. ಬಣ್ಣ ಹತ್ತಿಗೆ ಹಿಡಿಯಲೆಂದು ಲೀಟರಿಗೆ ಹತ್ತಾರು ಗ್ರಾಂ ಉಪ್ಪು ಸುರಿಯುತ್ತಾರೆ. ಅವರ ತೋಟ ಕೆಡಿಸಿದ್ದು ಕಣ್ಣಿಗೆ ಕಾಣೋ ಬಣ್ಣಕ್ಕಿಂತ ಕಾಣದ ಆ ಉಪ್ಪು. ಉಪ್ಪು ತೆಗೆಯಲು ಆರ್‌ಓ ಬೇಕು, ಉಳಿದ ನೀರು ಕುದಿಸಿ ಆವಿ ಮಾಡಬೇಕು. ಅದಕ್ಕೆ ಕರೆಂಟು, ದುಡ್ಡು ಎರಡೂ ಬೇಕು. ಅಣಬೆಗೂ ಅದರದ್ದೇ ಹಟ ಇದೆ: ಅದಕ್ಕೆ ಸ್ವಲ್ಪ ಹುಳಿ ನೀರು ಬೇಕು, ಡೈ ನೀರು ಕ್ಷಾರ. ಸಕ್ಕರೆಯಂಥ ಆಹಾರ ಕೊಡಬೇಕು. ಬೇರೆ ಸೂಕ್ಷ್ಮಾಣುಗಳು ನುಗ್ಗದಂತೆ ಕಾಯಬೇಕು. ಲ್ಯಾಬಿನ ಫ್ಲಾಸ್ಕಿನಲ್ಲಿ ಗೆದ್ದದ್ದು ಕಾರ್ಖಾನೆಯ ತೊಟ್ಟಿಯಲ್ಲಿ ಸೋಲೋದು ಇಲ್ಲೇ.

ಹಾಗಂತ ಅಣಬೆ ಬೇಡ ಅಂತಲ್ಲ. ಆರ್‌ಓಗೆ ಮುಂಚೆ ಬಣ್ಣ ಕಳೆದರೆ ಪೊರೆ ಕಟ್ಟಿಕೊಳ್ಳೋದು ಕಡಿಮೆಯಾಗುತ್ತೆ. ಅದರ ಜಾಗ ಅಲ್ಲಿ, ಮೊದಲ ಮೆಟ್ಟಿಲಲ್ಲಿ. ಪೂರ್ತಿ ಏಣಿ ಅದಲ್ಲ.

ಸಂಜೆ ಅಣೆಕಟ್ಟಿನ ಮೇಲೆ ನಿಂತೆವು. ಅಪ್ಪ ಕೈ ತೋರಿಸಿ, ಎಲ್ಲಿ ಭತ್ತ ಇತ್ತು, ಎಲ್ಲಿ ಅರಿಶಿನ ಇತ್ತು ಅಂತ ಹೇಳುತ್ತಾ ಹೋದರು.

ವಾಪಸ್ ಬರುವಾಗ ತಿರುಪ್ಪೂರಿನಲ್ಲಿ ಒಂದು ನೀಲಿ ಟೀ ಶರ್ಟ್ ಕೊಂಡೆ. ಬೆಂಗಳೂರಿಗೆ ಬಂದು ಬಕೆಟ್ಟಿನಲ್ಲಿ ನೆನೆಹಾಕಿದರೆ ನೀರೆಲ್ಲ ನೀಲಿ. ಮೊದಲಾಗಿದ್ದರೆ ಸೀದಾ ಚೆಲ್ಲಿಬಿಡುತ್ತಿದ್ದೆ. ಅವತ್ತು ಸ್ವಲ್ಪ ಹೊತ್ತು ಬಕೆಟ್ ನೋಡುತ್ತಾ ನಿಂತೆ.